ಕನ್ನಡದ ಅಂಕಿಯನ್ನೂ ಯಂತ್ರ ಓದಲಿ
ಬಳ್ಳಾರಿ ಜಿಲ್ಲೆಯ ಕುರುಗೋಡಿನ ರೈತ ಭತ್ತವನ್ನೋ ಮೆಣಸಿನಕಾಯಿಯನ್ನೋ ಮಾರಿ ಬಂದ ಚೆಕ್ಕನ್ನು ಖಾತೆಗೆ ಹಾಕಿದರೆ, ಆ ಕಾಗದ ಈಗ ಹಣ ಕೊಡುವ ಬ್ಯಾಂಕಿನವರೆಗೂ ಹೋಗಬೇಕಿಲ್ಲ. 2008ರಲ್ಲಿ ದೆಹಲಿಯಲ್ಲಿ ಶುರುವಾದ ವ್ಯವಸ್ಥೆಯಂತೆ ಅದರ ಚಿತ್ರ ಹೋದರೆ ಸಾಕು. ಚೆಕ್ಕಿನ ಮೇಲಿನ ಕೈಬರಹದ ಅಂಕಿ ಓದುವುದನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಯಂತ್ರಕ್ಕೆ ಕಲಿಸಿದ್ದರು. ಅದು ಕಲಿತದ್ದು 1, 2, 3. ನಮ್ಮ ೧, ೨, ೩ ಅಲ್ಲ. ಪ್ರಾದೇಶಿಕ ಭಾಷೆಯಲ್ಲಿ ಚೆಕ್ ಬರೆಯಲು ರಿಸರ್ವ್ ಬ್ಯಾಂಕಿನ ಒಪ್ಪಿಗೆಯೇನೋ ಇದೆ. ಆದರೆ ಆ ಅಂಕಿ ಓದಲು ಯಂತ್ರಕ್ಕೆ ಕೈಬರಹದ ಮಾದರಿಗಳು ಬೇಕು. 2019ರಲ್ಲಿ ವಿನಯ್ ಪ್ರಭು ಅವರು ಬೆಂಗಳೂರಿನ ಸ್ವಯಂಸೇವಕರಿಂದ ಬರೆಸಿದ ಕನ್ನಡ ಅಂಕಿಗಳ ಸಂಗ್ರಹವನ್ನು 'ಕನ್ನಡ-ಎಂನಿಸ್ಟ್' ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟರು: ಯಂತ್ರದ ಕಲಿಕೆಗೆ 60,000 ಚಿತ್ರ, ಪರೀಕ್ಷೆಗೆ 10,000. ನನ್ನ ಮಟ್ಟಿಗೆ ಇದು ನಿಘಂಟು ಕಟ್ಟಿದಷ್ಟೇ ದೊಡ್ಡ ಕೆಲಸ. ಅವಸರದಲ್ಲಿ ಬರೆದ ೧ರ ತುದಿ ಕೂಡಿಕೊಂಡರೆ ಅದು ೦ ಆಗಿಬಿಡುತ್ತದೆ. ಚೆಕ್ಕಿನಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಬಳ್ಳಾರಿಯಲ್ಲೇ ಇದೆ. ಕುರುಗೋಡು, ಸಿರುಗುಪ್ಪದ ಹಿರಿಯರ ಕೈಬರಹವನ್ನು, ಅವರ ಒಪ್ಪಿಗೆ ಪಡೆದು, ಇಂಥ ಸಂಗ್ರಹಕ್ಕೆ ಸೇರಿಸುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.