ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಂಕಿ

ಶಾಲೆಯ ಪ್ರಾಜೆಕ್ಟಿನಿಂದ ಹಿಡಿದು ದೊಡ್ಡ ಕಂಪನಿಗಳ ಸಭೆಯವರೆಗೆ ಈಗ ಎಲ್ಲೆಲ್ಲೂ ಪವರ್‌ಪಾಯಿಂಟ್ ಸ್ಲೈಡುಗಳದೇ ಕಾರುಬಾರು. ಒಂದೇ ಒಂದು ಸ್ಲೈಡಿನ ಕಥೆಯನ್ನು ಇಲ್ಲಿ ನೋಡೋಣ.

2003ರ ಜನವರಿ 16ರಂದು ಅಮೆರಿಕದ ಕೊಲಂಬಿಯಾ ಗಗನನೌಕೆ ಮೇಲೇರಿತು. ಒಳಗೆ ಕರ್ನಾಲ್‌ನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ. ನೆಲ ಬಿಟ್ಟ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ತೂಕ ಒಂದು ಕಿಲೋ ಕೂಡ ಇಲ್ಲ. ಆದರೆ ಬಡಿದ ವೇಗ ಗಂಟೆಗೆ ಸುಮಾರು 800 ಕಿಲೋಮೀಟರ್! ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂಬುದನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು.

ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಎಂಜಿನಿಯರುಗಳು ಲೆಕ್ಕ ಹಾಕಿ, ಫಲಿತಾಂಶವನ್ನು ಸ್ಲೈಡುಗಳಲ್ಲಿ ನಾಸಾದ ಮುಂದಿಟ್ಟರು. ಒಂದು ಸ್ಲೈಡಿನ ದಪ್ಪಕ್ಷರದ ತಲೆಬರಹ ಓದಿದರೆ, ಗಾಬರಿಪಡುವಂಥದ್ದೇನೂ ಇಲ್ಲ ಎಂಬ ಭಾವ. ಅದರ ಕೆಳಗೆ ಚುಕ್ಕಿ, ಚುಕ್ಕಿಯೊಳಗೊಂದು ಚುಕ್ಕಿ, ತುಂಡು ತುಂಡು ವಾಕ್ಯಗಳು. ‘ಗಮನಾರ್ಹ’ ಎಂಬರ್ಥದ ಪದ ಐದು ಬಾರಿ ಬಂದಿತ್ತು; ಎಷ್ಟು ಗಮನಾರ್ಹ ಎಂಬುದು ಮಾತ್ರ ಇರಲಿಲ್ಲ. ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಅಂಕಿ: ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಇಂಚು, ಈಗಿನದು ಅಂದಾಜು 1,920. ಭಾಗಿಸಿ ನೋಡಿ, 640 ಪಟ್ಟು! ತಲೆಬರಹದಲ್ಲಿ ಇರಬೇಕಾಗಿದ್ದುದು ಇದೇ ಅಲ್ಲವೇ?

ಅಪಾಯವಿಲ್ಲವೆಂದೇ ಮೇಲಿನವರು ತೀರ್ಮಾನಿಸಿದರು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ರೆಕ್ಕೆಯ ತೂತಿನಿಂದ ಉರಿಗಾಳಿ ಒಳನುಗ್ಗಿ ನೌಕೆ ಛಿದ್ರವಾಯಿತು. ಏಳೂ ಜನ ಉಳಿಯಲಿಲ್ಲ. ಸ್ಲೈಡೊಂದೇ ಇದಕ್ಕೆ ಕಾರಣವೆಂದರೆ ತಪ್ಪಾದೀತು. ಆದರೂ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ವರದಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿಯವರ ವಿಶ್ಲೇಷಣೆಯನ್ನು ಸೇರಿಸಿಕೊಂಡು, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡು ಕೂರಿಸುವ ಚಾಳಿಯನ್ನು ಟೀಕಿಸಿತು.

ಪಾಪ, ಪವರ್‌ಪಾಯಿಂಟ್ ಹುಟ್ಟಿದ್ದು ಇಷ್ಟು ದೊಡ್ಡ ಹೊರೆ ಹೊರಲಿಕ್ಕಲ್ಲ. 1987ರಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಅವರ ತಂಡ ಮ್ಯಾಕಿಂಟಾಷ್ ಕಂಪ್ಯೂಟರಿಗೆ ತಂದ ಮೊದಲ ಆವೃತ್ತಿ ಕಪ್ಪು-ಬಿಳುಪಿನದು. ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಳೆ ತಯಾರಿಸಿಕೊಡುವುದು ಅದರ ಕೆಲಸ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಅದನ್ನು ಕೊಂಡಿತು.

2004ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಸಭೆಯಿಂದ ಸ್ಲೈಡುಗಳನ್ನೇ ಹೊರಹಾಕಿದರು. ಅಲ್ಲಿ ಈಗ ಪೂರ್ಣ ವಾಕ್ಯಗಳಲ್ಲಿ, ಆರು ಪುಟ ಮೀರದಂತೆ ಬರೆದು ತರಬೇಕು. ಸಭೆಯ ಆರಂಭದಲ್ಲಿ ಎಲ್ಲರೂ ಪರೀಕ್ಷಾ ಕೊಠಡಿಯಂತೆ ಮೌನವಾಗಿ ಓದುತ್ತಾರೆ. ಹೊಸ ವಸ್ತು ತಯಾರಿಸಹೊರಟ ತಂಡವಂತೂ, ವಸ್ತು ಇನ್ನೂ ಹುಟ್ಟುವ ಮೊದಲೇ, ಅದರ ಪತ್ರಿಕಾ ಪ್ರಕಟಣೆಯನ್ನು ಬರೆದು ತೋರಿಸಬೇಕು! ವಾಕ್ಯ ಬರೆಯಲು ಕೂತರೆ ‘ಆದ್ದರಿಂದ’, ‘ಆದರೆ’ ಎಂಬ ಪದಗಳು ಬೇಕೇ ಬೇಕು; ಚುಕ್ಕಿಗಳ ನಡುವೆ ಅವನ್ನು ಸುಲಭವಾಗಿ ನುಂಗಿಬಿಡಬಹುದು.

ಮಕ್ಕಳು ಮನೆಯಲ್ಲಿ ಪ್ರಾಜೆಕ್ಟಿನ ಸ್ಲೈಡು ಮಾಡುತ್ತಿದ್ದರೆ ಅಪ್ಪ-ಅಮ್ಮ ಬಣ್ಣ, ಚಿತ್ರಗಳನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಬಹುದು: ‘ಎಷ್ಟು ಪಟ್ಟು?’