ಲಂಟಾನದ ಆನೆಯೂ ನಮ್ಮ ವಾಲ್‌ಪೇಪರಿನ ಹುಲಿಯೂ

ಜೂನ್ 5 ಬಂತೆಂದರೆ ಸಾಕು, ಎಲ್ಲ ಕಡೆ ಪರಿಸರ ಪ್ರೇಮ ಉಕ್ಕಿ ಹರಿಯುತ್ತೆ. ಶಾಲೆಗಳಲ್ಲಿ ಚಿತ್ರ ಬಿಡಿಸೋ ಸ್ಪರ್ಧೆ, ಆಫೀಸಿನ ಗೋಡೆ ಮೇಲೆ ಹುಲಿ-ಆನೆ, ಸರ್ಕಲ್ಲಿನಲ್ಲಿ "ಕಾಡು ಉಳಿಸಿ" ಅನ್ನೋ ಫ್ಲೆಕ್ಸು. ಆ ಫ್ಲೆಕ್ಸೇ ಪ್ಲಾಸ್ಟಿಕ್ಕು ಅನ್ನೋದು ಬೇರೆ ಮಾತು ಬಿಡಿ :-)

ಇದರ ಹಿಂದೆ ಒಂದು ನಂಬಿಕೆ ಇದೆ. ಕಾಡಿನ ಚಂದವನ್ನು ಕಲೆಯಲ್ಲಿ ತೋರಿಸಿದರೆ ಜನಕ್ಕೆ ಕಾಡಿನ ಮೇಲೆ ಪ್ರೀತಿ ಹುಟ್ಟುತ್ತೆ, ಪ್ರೀತಿ ಹುಟ್ಟಿದರೆ ಕಾಡು ಉಳಿಯುತ್ತೆ ಅಂತ. ಮೊದಲರ್ಧ ಒಪ್ಪುತ್ತೇನೆ. ಎರಡನೇ ಅರ್ಧದ ಬಗ್ಗೆ ನನಗೆ ಅನುಮಾನ. ನಮ್ಮಲ್ಲಿ ಎಷ್ಟೋ ಜನರ ಕಂಪ್ಯೂಟರ್ ವಾಲ್‌ಪೇಪರಿನಲ್ಲಿ ಹುಲಿ ಕೂತಿದೆ. ಅದರಿಂದ ಬಂಡೀಪುರದ ಹುಲಿಗೆ ಏನು ಸಿಕ್ಕಿತು? "ಜಾಗೃತಿ ಮೂಡಿತು" ಅನ್ನಬಹುದು. ಅಳೆಯೋಕೆ ಆಗದ ಮಾತು, ಹಾಗಾಗಿ ಯಾರೂ ಸುಳ್ಳು ಅಂತಲೂ ಹೇಳೋ ಹಾಗಿಲ್ಲ!

ಇಂಥ ಅನುಮಾನದವನಾದ ನನಗೂ ಇಷ್ಟವಾದ ಒಂದು ಕೆಲಸದ ಬಗ್ಗೆ ಬರೆಯೋಣ ಅನ್ನಿಸಿತು. ಲಂಟಾನದ ಆನೆಗಳು.

ಲಂಟಾನ ನೋಡದವರು ಕಡಿಮೆ. ಹಳದಿ, ಕೆಂಪು, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲು, ಕೈ ಕಾಲು ಗೀರುವ ಮುಳ್ಳು, ಕಪ್ಪು ಹಣ್ಣು. ಅಮೆರಿಕಾ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಯಾಕೆ? ಚಂದ ಕಾಣುತ್ತೆ ಅಂತ! ಚಂದಕ್ಕೆ ತಂದಿದ್ದು ಬೇಲಿ ದಾಟಿ ಕಾಡು ಹೊಕ್ಕಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗವನ್ನು ಇದು ಆಕ್ರಮಿಸಿದೆ. ಇದರ ಪೊದೆಯಡಿ ಹುಲ್ಲು ಸರಿಯಾಗಿ ಬೆಳೆಯಲ್ಲ. ಎಲೆ ದನಕರುಗಳಿಗೆ ವಿಷ. ಕಾಡೊಳಗೆ ಮೇವು ಕಮ್ಮಿಯಾದರೆ ಆನೆ ಜೋಳದ ಹೊಲಕ್ಕೆ ಬಾರದೆ ಇನ್ನೆಲ್ಲಿ ಹೋಗಬೇಕು?

ನಮ್ಮ ಬಂಡೀಪುರಕ್ಕೆ ಹತ್ತಿರದಲ್ಲೇ ಇರೋ ತಮಿಳುನಾಡಿನ ಗೂಡಲೂರಿನಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಸಮುದಾಯದವರು ಇದೇ ಲಂಟಾನದ ಕಡ್ಡಿಯಿಂದ ಆಳೆತ್ತರ ಮೀರಿದ ಆನೆಗಳನ್ನು ಮಾಡುತ್ತಾರೆ. ಇಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರೂ ಮಾಡುತ್ತಾರೆ. ಕಡ್ಡಿಯನ್ನು ನೀರಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ಬಗ್ಗಿಸಿ ಮೊಳೆ ಹೊಡೆಯೋದು. ಆ ಆನೆಗಳು ಸುಮ್ಮನೆ ಯಾವುದೋ ಆನೆಗಳಲ್ಲ. ಗೂಡಲೂರಿನ ಕಡೆ ಊರು-ತೋಟಗಳ ನಡುವೆ ಓಡಾಡಿಕೊಂಡಿರೋ ನಿಜವಾದ ಆನೆಗಳನ್ನು ನೋಡಿ ಮಾಡಿದವು. 2021ರಲ್ಲಿ ಇವು ಲಂಡನ್ನಿನ ಪಾರ್ಕುಗಳಲ್ಲಿ ನಿಂತವು, 2024ರ ಫೆಬ್ರವರಿಯಲ್ಲಿ ನಮ್ಮ ಲಾಲ್‌ಬಾಗಿನಲ್ಲಿ. ಅದೇ ವರ್ಷ ನೂರು ಆನೆಗಳ ಹಿಂಡೊಂದು ಅಮೆರಿಕಾದ ನ್ಯೂಪೋರ್ಟಿನಿಂದ ಹೊರಟು ನ್ಯೂಯಾರ್ಕ್, ಮಯಾಮಿ ಅಂತ ಊರೂರು ಸುತ್ತಿತು. ಮಾರಾಟದಿಂದ ಬಂದ ಹಣ ಮನುಷ್ಯ-ವನ್ಯಜೀವಿ ಸಹಬಾಳ್ವೆಯ ಕೆಲಸಗಳಿಗೆ ಹೋಗುತ್ತೆ.

ನನಗೆ ಇದರಲ್ಲಿ ಹಿಡಿಸಿದ್ದು ಚಂದ ಅಲ್ಲ, ಲೆಕ್ಕ. ನೋಡುವವನ ಮನಸ್ಸು ಬದಲಾಗದಿದ್ದರೂ, ಅವನು ಒಂದು ಸೆಲ್ಫಿ ತಗೊಂಡು ಮನೆಗೆ ಹೋದರೂ, ಅಷ್ಟು ಹೊತ್ತಿಗಾಗಲೇ ಒಂದಿಷ್ಟು ಕಳೆ ಕಾಡಿನಿಂದ ಹೊರಗೆ ಬಂದಿರುತ್ತೆ. ಆನೆಯ ಜೊತೆ ದಿನಾ ಬದುಕುವ ಜನಕ್ಕೆ ಕೂಲಿ ಸಿಕ್ಕಿರುತ್ತೆ. ಕಲಾಕೃತಿ ಪ್ರದರ್ಶನಕ್ಕೆ ಹೋಗೋ ಮುಂಚೆಯೇ ಅದರ ಕೆಲಸದ ಒಂದು ಪಾಲು ಮುಗಿದಿರುತ್ತೆ.

ಹಾಗಂತ ಇದೇ ಪರಿಹಾರ ಅಂತ ಕುಣಿಯೋ ಹಾಗಿಲ್ಲ. ಇಡೀ ದೇಶದ ಲಂಟಾನಕ್ಕೆ ಹೋಲಿಸಿದರೆ ಆನೆ ಮಾಡೋಕೆ ಕಡಿದಿದ್ದು ಏನೇನೂ ಅಲ್ಲ. ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಬೇರಿನ ತಲೆಯನ್ನೇ ಮಣ್ಣಿನೊಳಗೆ ಕತ್ತರಿಸಿ ಬುಡಮೇಲು ಮಾಡಬೇಕು, ಆಮೇಲೂ ಹಕ್ಕಿಗಳು ತಂದು ಹಾಕಿದ ಬೀಜದ ಸಸಿಗಳನ್ನು ವರ್ಷ ವರ್ಷ ಕೀಳಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಒಂದು ಪ್ಯಾಚ್ ಹಾಕಿ ಕ್ಲೋಸ್ ಮಾಡೋ ಬಗ್ ಅಲ್ಲ, ಮೇಂಟೆನೆನ್ಸ್ ಪ್ರಾಜೆಕ್ಟು.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡೋದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲೆಲ್ಲ ಬೇಸಿಗೆ ಬಲಿಯೋ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. ನೆಲಮಟ್ಟದಲ್ಲಿ ಹರಿದು ಹೋಗೋ ಬೆಂಕಿ, ದೊಡ್ಡ ಮರಕ್ಕೆ ಏನೂ ಮಾಡಲ್ಲ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಬೆಂಕಿ ನಿಷೇಧವಾಯಿತು. ಲಂಟಾನದ ಎಳೆ ಸಸಿಗಳನ್ನು ಸುಡುತ್ತಿದ್ದಿದ್ದೇ ಆ ಬೆಂಕಿ, ಅದು ನಿಂತ ಮೇಲೆ ಲಂಟಾನ ಹಬ್ಬಿತು ಅಂತ ಸೋಲಿಗರು ಹೇಳುತ್ತಾರೆ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತಗೊಂಡು ದಾಖಲಿಸಿದ್ದಾರೆ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶದೊಳಗೂ ಇಂಥ ಹಕ್ಕು ಕೊಡಬಹುದು ಅಂತ ಗೊತ್ತಾಯಿತು.

ಅಂದರೆ ನೋಡಿ, ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅಂತ ಗೊತ್ತಿದ್ದವರ ಬೆಂಕಿಯನ್ನು ನಾವು ಆರಿಸಿದೆವು. ಈಗ ಅದೇ ಜನರ ಕೈಯಲ್ಲಿ ಆ ಕಳೆಯಿಂದ ಆನೆ ಮಾಡಿಸಿ ಚಪ್ಪಾಳೆ ತಟ್ಟುತ್ತಿದ್ದೇವೆ. ಆನೆ ತಪ್ಪಲ್ಲ. ಆದರೆ ಆನೆಯ ಪಕ್ಕ ನಿಲ್ಲಿಸೋ ಬೋರ್ಡಿನಲ್ಲಿ "ಇದು ಆನೆ, ಕಾಡು ಉಳಿಸಿ" ಅಂತಷ್ಟೇ ಇದ್ದರೆ ಅದು ಅರ್ಧ ಕಥೆ. ಮಾಡಿದವರು ಯಾರು, ಅವರ ಕಾಡಿನಲ್ಲಿ ಅವರ ಮಾತು ಎಷ್ಟು ನಡೆಯುತ್ತೆ ಅನ್ನೋದೂ ಅಲ್ಲಿರಬೇಕು.

ಹಾಗಾಗಿ ಕಾಡಿನ ಹೆಸರಿನ ಯಾವ ಕಲೆ ಕಂಡರೂ ಎರಡು ಪ್ರಶ್ನೆ ಕೇಳೋಣ. ಇದನ್ನು ಮಾಡೋವಾಗ ಕಾಡಿನಲ್ಲಿ ಏನು ಬದಲಾಯಿತು? ದುಡ್ಡು, ಹೆಸರು ಯಾರಿಗೆ ಹೋಯಿತು? ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಏಟ್ರೀ ಸಂಸ್ಥೆ 2004ರಿಂದ ಲಂಟಾನದ ಪೀಠೋಪಕರಣ ಮಾಡೋದನ್ನು ಕಲಿಸಿದೆ. ನಮ್ಮ ಪಾರ್ಕುಗಳಲ್ಲಿ ಸಿಮೆಂಟಿನ ಜಿಂಕೆ, ಫೈಬರಿನ ಹುಲಿ ನಿಲ್ಲಿಸೋ ಬದಲು, ಕಾಡಿನ ರೆಸಾರ್ಟುಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕೋ ಬದಲು, ಅವರಿಂದ ಯಾಕೆ ಕೊಳ್ಳಬಾರದು? ವಾಲ್‌ಪೇಪರಿನ ಹುಲಿ ಇರಲಿ ಬಿಡಿ, ಪಾಪ. ಅದರ ಜೊತೆಗೆ ಮನೆಗೊಂದು ಲಂಟಾನದ ಕುರ್ಚಿ ಬಂದರೆ ಬಂಡೀಪುರದ ಹುಲಿಗೂ ಒಂಚೂರು ಸಹಾಯ ಆದೀತು.

ನೀವೇನಂತೀರಿ?