ಜೈವಿಕ ಔಷಧಗಳ ಗುಣಮಟ್ಟ ಪರೀಕ್ಷೆ: ಔಷಧ ಪ್ರೋಟೀನನ್ನು ಸ್ಥಿರಕಾರಿಗಳಿಂದ ಬೇರ್ಪಡಿಸುವ ಪ್ರಶ್ನೆ

ಡಯಾಲಿಸಿಸ್ ಪಡೆಯುತ್ತಿರುವ ಮೂತ್ರಪಿಂಡ ರೋಗಿಗಳಿಗೆ ರಕ್ತಹೀನತೆಯ ನಿವಾರಣೆಗಾಗಿ ಎರಿಥ್ರೋಪೊಯೆಟಿನ್ ಚುಚ್ಚುಮದ್ದನ್ನು ನೀಡಲಾಗುತ್ತದೆ. ಚಿಕಿತ್ಸೆ ಪಡೆದರೂ ಹಿಮೋಗ್ಲೋಬಿನ್ ಏರದಿದ್ದಲ್ಲಿ ಔಷಧದ ಬಗ್ಗೆ ಸಂಶಯ ಮೂಡುವುದು ಸಹಜ. ಕಬ್ಬಿಣಾಂಶದ ಕೊರತೆ ಹಾಗೂ ಸೋಂಕು ಸಹ ಇದಕ್ಕೆ ಕಾರಣವಾಗಬಹುದಾದ್ದರಿಂದ ಮೊದಲು ವೈದ್ಯರನ್ನು ಕಾಣುವುದು ಸೂಕ್ತ. ಸಂಶಯ ಔಷಧದ ಮೇಲೆಯೇ ಉಳಿದಲ್ಲಿ, ಅದರ ಪರೀಕ್ಷೆಯು ಸಾಮಾನ್ಯ ಮಾತ್ರೆಯ ಪರೀಕ್ಷೆಯಷ್ಟು ಸರಳವಲ್ಲ.

ಪ್ರತಿ ಮಿ.ಲೀ.ಗೆ 2,000 ಯೂನಿಟ್ ಸಾಮರ್ಥ್ಯದ ಸೀಸೆಯಲ್ಲಿ ಇರುವ ಎರಿಥ್ರೋಪೊಯೆಟಿನ್ ಸುಮಾರು 17 ಮೈಕ್ರೋಗ್ರಾಂ ಮಾತ್ರ. ಇಷ್ಟು ಅಲ್ಪ ಪ್ರೋಟೀನು ಗಾಜಿಗೆ ಅಂಟಿಕೊಂಡು ನಷ್ಟವಾಗದಂತೆ ಕೆಲವು ತಯಾರಿಕೆಗಳಲ್ಲಿ ಮಾನವ ರಕ್ತದಿಂದ ಪಡೆದ ಆಲ್ಬುಮಿನ್ 2.5 ಮಿಲಿಗ್ರಾಂ ಸೇರಿಸಲಾಗುತ್ತದೆ. ಇದು ಔಷಧದ ಸುಮಾರು 150 ಪಟ್ಟು. ಆಲ್ಬುಮಿನ್ ಸಹ ಪ್ರೋಟೀನೇ ಆಗಿರುವುದರಿಂದ ಒಟ್ಟು ಪ್ರೋಟೀನಿನ ಅಳತೆಯಿಂದ ಔಷಧದ ವಿಷಯ ತಿಳಿಯದು. ಸರಕನ್ನು ಬಿಟ್ಟು ಚೀಲವನ್ನು ತೂಗಿ ಲೆಕ್ಕ ಬರೆದಂತಾಗುತ್ತದೆ.

ಆದುದರಿಂದ ಬೇರ್ಪಡಿಸುವ ಕಾರ್ಯ ಮೊದಲು ನಡೆಯಬೇಕು. ಎರಿಥ್ರೋಪೊಯೆಟಿನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಸೂಕ್ಷ್ಮ ಕಣಗಳಿಗೆ ಜೋಡಿಸಿ, ಅವುಗಳ ಮೂಲಕ ಮಾದರಿಯನ್ನು ಹಾಯಿಸುವುದು ಒಂದು ವಿಧಾನ. ಆಲ್ಬುಮಿನ್ ತೊಳೆದುಹೋಗುತ್ತದೆ; ಹಿಡಿಯಲ್ಪಟ್ಟ ಔಷಧವನ್ನು ಆಮ್ಲೀಯ ದ್ರಾವಣದಿಂದ ಬಿಡಿಸಿಕೊಳ್ಳಲಾಗುತ್ತದೆ. ತೊಡಕು ಇಲ್ಲಿಯೇ ಇದೆ. ಪ್ರೋಟೀನಿಗೆ ಜೋಡಿಸಿಕೊಂಡ ಸಕ್ಕರೆ ಸರಪಳಿಗಳ ಮೇಲೆ ಔಷಧದ ಪ್ರಭಾವ ಅವಲಂಬಿತವಾಗಿದ್ದು, ಬೇರ್ಪಡಿಸುವಾಗ ಯಾವುದೇ ರೂಪ ಕೈತಪ್ಪಿದರೆ ಅಥವಾ ಆಮ್ಲದಿಂದ ಕೆಟ್ಟರೆ, ದೋಷ ಔಷಧದ್ದೋ ಪರೀಕ್ಷೆಯದೋ ಎಂದು ಹೇಳಲಾಗದು. ಪ್ರಮಾಣಿತ ಮಾದರಿಯನ್ನೂ ಅದೇ ಕ್ರಮಕ್ಕೆ ಒಳಪಡಿಸಿ, ಎಷ್ಟು ಮರಳಿ ದೊರೆಯಿತೆಂದು ತೋರಿಸಿದ ವರದಿಗೆ ಮಾತ್ರ ಬೆಲೆ.

ಆಲ್ಬುಮಿನ್ ಕೈಬಿಟ್ಟರೆ ಸಮಸ್ಯೆ ತೀರುವುದೆಂದು ಭಾವಿಸಲಾಗದು. 1998ರಲ್ಲಿ ಯುರೋಪಿನಲ್ಲಿ ಎಪ್ರೆಕ್ಸ್ ಎಂಬ ಔಷಧದಲ್ಲಿ ಆಲ್ಬುಮಿನ್ ಬದಲಿಗೆ ಪಾಲಿಸಾರ್ಬೇಟ್ 80 ಬಳಕೆಗೆ ಬಂದಿತು. ತದನಂತರದ ವರ್ಷಗಳಲ್ಲಿ, ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಉತ್ಪತ್ತಿಯೇ ನಿಲ್ಲುವ ಗಂಭೀರ ಸ್ಥಿತಿಯ ಪ್ರಕರಣಗಳು ಹೆಚ್ಚಾದವು. ರಬ್ಬರ್ ಮುಚ್ಚಳದಿಂದ ಕರಗಿಬಂದ ವಸ್ತುಗಳು, ಪ್ರೋಟೀನು ಗುಂಪುಗೂಡುವಿಕೆ ಮುಂತಾದ ಕಾರಣಗಳು ಚರ್ಚೆಗೆ ಬಂದರೂ ಒಂದೇ ಕಾರಣ ಸರ್ವಸಮ್ಮತವಾಗಿಲ್ಲ. ಪಾಲಿಸಾರ್ಬೇಟ್ ಅಣುಗಳು ತಾವೇ ಪ್ರೋಟೀನಿನಷ್ಟು ಗಾತ್ರದ ಗುಂಪುಗಳಾಗುವುದರಿಂದ, ಗಾತ್ರಾನುಸಾರ ಬೇರ್ಪಡಿಸುವ ವಿಧಾನದಲ್ಲಿ ಔಷಧದೊಡನೆಯೇ ಹೊರಬರಬಹುದು.

ಪ್ರಯೋಗಾಲಯದ ಹೊಣೆ ಈಗ ಇನ್ನಷ್ಟು ಹೆಚ್ಚಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯು, ವಿಶ್ಲೇಷಣೆಯಲ್ಲಿ ಸಾಮ್ಯ ದೃಢಪಟ್ಟಲ್ಲಿ ಸದೃಶ ಜೈವಿಕ ಔಷಧಗಳಿಗೆ ದೊಡ್ಡ ತುಲನಾತ್ಮಕ ರೋಗಿ ಪ್ರಯೋಗ ಅಗತ್ಯವಾಗದಿರಬಹುದೆಂದು ಒಪ್ಪಿದೆ. ಬೆಲೆ ಇಳಿಯಲು ಇದು ನೆರವಾಗಬಹುದು. ಆದರೆ ಬೇರ್ಪಡಿಸುವಿಕೆ ಸಡಿಲವಾದರೆ ಸಾಮ್ಯದ ಆಧಾರವೇ ಸಡಿಲವಾದೀತು.

ಭಾರತದಲ್ಲಿ ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯಾಲಜಿಕಲ್ಸ್ ಜೈವಿಕ ಔಷಧಗಳ ಪರೀಕ್ಷೆ ನಡೆಸುತ್ತದೆ. ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರ ಪ್ರಕರಣ 26ರ ಮೇರೆಗೆ, ತಾವು ಖರೀದಿಸಿದ ಔಷಧವನ್ನು ಯಾವುದೇ ವ್ಯಕ್ತಿಯು ನಮೂನೆ 14-ಎ ಅರ್ಜಿ ಹಾಗೂ ನಿಗದಿತ ಶುಲ್ಕದೊಂದಿಗೆ ಸರ್ಕಾರಿ ವಿಶ್ಲೇಷಕರಿಗೆ ಸಲ್ಲಿಸಬಹುದಾಗಿದೆ. ಖರೀದಿ ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಅದೇ ಬ್ಯಾಚಿನ ತೆರೆಯದ ಸೀಸೆಗಳನ್ನು ಮೂಲ ಪೆಟ್ಟಿಗೆಯಲ್ಲಿಯೇ, ಹೆಪ್ಪುಗಟ್ಟದಂತೆ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ ಒಪ್ಪಿಸುವುದು ಸೂಕ್ತ. ಬಿಸಿಲಿನಲ್ಲಿ ಸಾಗಿಸಿದ ಸೀಸೆಯಲ್ಲಿ ಪ್ರೋಟೀನು ಗುಂಪುಗೂಡಿದ್ದು ಕಂಡುಬಂದರೆ, ತಯಾರಿಕೆಯಲ್ಲಿ ದೋಷವಿತ್ತೆಂದು ಆ ವರದಿಯಿಂದ ಸ್ಥಾಪಿಸಲಾಗದು.